ತಿಕೋಟಾದಲ್ಲಿದ್ದ ಸಮುದ್ರದ ವಹಿ

ನೀರು ಕಂಡರೆ ಬೆರಳು ಅದ್ದದೆ ಮುಂದೆ ಹೋಗಲು ಖಲಾಸಿ ದಸ್ತಗೀರಸಾಬರಿಗೆ ಬರುತ್ತಿರಲಿಲ್ಲ. ಬಾವಿಯಿಂದ ಬರುವ ಕೊಡ, ಎಮ್ಮೆ ನೀರು ಕುಡಿಯುವ ಕಲ್ಲುದೋಣಿ, ಕ್ಷೌರದ ಬಟ್ಟಲು, ಯಾವುದನ್ನೂ ಬಿಡುತ್ತಿರಲಿಲ್ಲ. ಬೆರಳು ತೆಗೆದು, ಕಣ್ಣು ಮುಚ್ಚಿ, "ಎಪ್ಪತ್ತೆಂಟ ಡಿಗ್ರಿ" ಅನ್ನುವರು. ತಿಕೋಟಾದ ಹೆಂಗಸರು ಅವರನ್ನು ಕಂಡ ಕೂಡಲೇ ಕೊಡದ ಬಾಯಿಗೆ ಸೆರಗು ಮುಚ್ಚುತ್ತಿದ್ದರು.

ಒಮ್ಮೆ ಬಬಲೇಶ್ವರದಲ್ಲಿ ನಮ್ಮ ಬೀಗರ ಮದುವೆ. ಮದುಮಗನಿಗೆ ಸುರಗಿ ಸ್ನಾನದ ನೀರು ಹಾಕುವ ಹೊತ್ತಿಗೆ ಇವರು ಹಂಡೆಗೆ ಬೆರಳು ಅದ್ದಿ ಕೂಗಿದರು: "ತಡೀರಿ! ಈ ನೀರಾಗ ಬಂಗಡಿ ಮೀನ ಸತ್ತ ತೇಲ್ತಾವ!"

ಹೆಣ್ಣಿನ ತಾಯಿ ಎತ್ತಿದ ತಂಬಿಗೆ ಇಳಿಸಲಿಲ್ಲ. "ನಾವು ಅಳಿಯನ್ನ ತಂದೇವ್ರಿ, ಮೀನ ಅಲ್ಲ. ಆಕಡೆ ಸರೀರಿ."

ಮದುಮಗ ಮಾತ್ರ ಸಾಬರಿಗೆ ಕೈಮುಗಿದ. ನೀರು ನಿಜಕ್ಕೂ ಕಾಯ್ದು ಕೊತಕೊತ ಅನ್ನುತ್ತಿತ್ತು.

ಈ ಚಟ ಹಡಗಿನದು. ಮುಂಬೈಯಿಂದ ಅರಬಸ್ತಾನದ ಕಡೆ ಹೋಗುವ ಹಡಗಿನಲ್ಲಿ ಅವರು ಖಲಾಸಿ. ಗೊತ್ತು ಮಾಡಿದ ಹೊತ್ತಿಗೆ ಸಮುದ್ರಕ್ಕೆ ಬಕೀಟು ಇಳಿಸಿ ನೀರು ಎತ್ತುವುದು ಅವರ ಕೆಲಸ. ಅಧಿಕಾರಿ ಅದರಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿ ಎಷ್ಟೆಂದು ಫ್ಯಾರನ್‌ಹೀಟ್ ಲೆಕ್ಕದಲ್ಲಿ ವಹಿಯಲ್ಲಿ ಬರೆಯುತ್ತಿದ್ದ.

"ನಮ್ಮ ಹಡಗ ಒಂದ ಅಲ್ಲಲೇ ಗುರುಪಾದ," ಅನ್ನುವರು ನನಗೆ. "ಇಂಗ್ಲಿಷರು, ಡಚ್ಚರು, ಜಪಾನದವ್ರು, ಎಲ್ಲಾರೂ ಬಕೀಟ ಇಳಸ್ತಿದ್ರು. ಎಲ್ಲಾರ ವಹಿ ಕೂಡಿಸಿ ನೋಡಿದ್ರ ನೀರು ಎಲ್ಲಿ ತಂಪಾಗತೈತಿ, ಮೀನ ಎತ್ತಾಗ ಓಡ್ತಾವ, ಮುಂಚೇನ ತಿಳೀತೈತಿ. ಒಬ್ಬಾಂವ ಸುಳ್ಳ ಬರದ್ರ ಎಲ್ಲಾರದೂ ಹೊಲಸ."

ಯುದ್ಧ ಬಂದಾಗ ದೇಶಗಳು ಒಬ್ಬರಿಗೊಬ್ಬರು ವಹಿ ತೋರಿಸುವುದನ್ನು ನಿಲ್ಲಿಸಿದವು. ಹಡಗು ಗುಜರಿಗೆ ಹೋದ ದಿನ ಅಧಿಕಾರಿ ವಹಿಯನ್ನು ಇವರ ಕೈಗಿಟ್ಟು, ಯುದ್ಧ ಮುಗಿದ ಮೇಲೆ ಮುಂಬೈಯ ಹವಾಮಾನ ಕಚೇರಿಗೆ ಮುಟ್ಟಿಸು ಎಂದನಂತೆ. ಅದನ್ನು ಅವರು ಊರಿಗೆ ತಂದು ಜೋಳದ ಗಡಿಗೆಯಲ್ಲಿ ಹುಗಿದಿಟ್ಟರು. ಯುದ್ಧ ಮುಗಿದು ತೆಗೆದರೆ ಹಾಳೆಗಳನ್ನು ಹುಳ ಹಿಡಿದಿತ್ತು, ಮುಟ್ಟಿದಲ್ಲಿ ಉದುರುತ್ತಿದ್ದವು.

ನಾನು ಆಗ ಇಪ್ಪತ್ತಾರು ವರ್ಷದ ದರ್ಜಿ. ಓದು ಬರಹ ಕಲಿತು ಒಂದು ವರ್ಷವೂ ಆಗಿರಲಿಲ್ಲ, ಇಂಗ್ಲಿಷ್ ಅಂಕಿ ಮಾತ್ರ ಅಳತೆಯ ಪಟ್ಟಿಯಿಂದ ಗೊತ್ತಿದ್ದವು. ಅವರಿಗೆ ಅಷ್ಟೂ ಬರುತ್ತಿರಲಿಲ್ಲ. ನಕಲು ಮಾಡಿಕೊಡು ಎಂದರು. ಎರಡು ತಿಂಗಳು ಕೂತು ಬರೆದು, ಎದುರಿಗೆ ಕೂರಿಸಿಕೊಂಡು ಓದಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಎಂಬತ್ತು, ಎಂಬತ್ತೊಂದು, ಎಂಬತ್ತು, ಎಂಬತ್ತು..."

"ನಿಂದರು. ಅದರಾಗ ಸತ್ತ ಮೀನಿನ ದಿನಾ ಎಲ್ಲೈತಿ?"

"ಒಂದ ಕಡೆ ಅರವತ್ತೇಳು ಇತ್ತ್ರಿ ಕಾಕಾ. ಹಿಂದ ಮುಂದ ಎಲ್ಲಾ ಎಂಬತ್ತು. ಬರದಾಂವ ತಪ್ಪ್ಯಾನ ಅಂತ ಸರಿ ಮಾಡೀನಿ."

ಒಂದು ತೋಳು ಗಿಡ್ಡ ಬಂದರೆ ಸರಿಮಾಡುವುದು ದರ್ಜಿಯ ಧರ್ಮ ಎಂದೇ ನಾನು ತಿಳಿದಿದ್ದೆ.

"ಸರಿ ಮಾಡ್ಯಾನಂತ! ಭಾಡ್ಯಾ, ಅವತ್ತ ಬಕೀಟದಾಗಿದ್ದ ಕೈ ನಂದು, ಥಂಡಿಗೆ ಸೆಟದ ನಿಂತಿತ್ತು! ಮೂರ ದಿನಕ್ಕ ಸಮುದ್ರ ತುಂಬ ಸತ್ತ ಮೀನ. ಕಚೇರಿಯವ್ರಿಗೆ ಬೇಕಾದದ್ದು ಅದಲೇ, ನಿನ್ನ ಎಂಬತ್ತಲ್ಲ! ಇಂಥಾವು ಎಷ್ಟು ಹೊಲದಿ?"

"ಹನ್ನೊಂದ ಇರಬೇಕ್ರಿ."

ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಹಾಳೆಯ ಚೂರುಗಳನ್ನು ಜೋಡಿಸುತ್ತ ಇಬ್ಬರೂ ವಾರಗಟ್ಟಲೆ ಕೂತೆವು. ಫ್ಯಾನಿಲ್ಲದ್ದು ಪುಣ್ಯ, ಸೀನು ಬಂದರೆ ಹೊರಗೆ ಓಡುತ್ತಿದ್ದೆವು. ಹತ್ತು ಸಿಕ್ಕವು. ಹನ್ನೊಂದನೆಯದು ಇದ್ದ ಜಾಗದಲ್ಲಿ ನಾನು ನಕಲು ಮಾಡಿದ ಮೇಲೆ ಹುಳ ತೂತು ಮಾಡಿತ್ತು.

"ಎಪ್ಪತ್ತು ಅಂತ ಹಾಕಲ್ಯಾ?" ಎಂದೆ.

"ಕೈ ಮುರದೇನು. ಹುಳ ತಿಂದೈತಿ ಅಂತ ಬರಿ."

ದೊಡ್ಡ ಕಚೇರಿಗೆ ಹೋಗುವ ವಹಿಯಲ್ಲಿ ಹಾಗೆ ಬರೆಯಲು ನನಗೆ ನಾಚಿಕೆ. ಆದರೂ ದುಂಡಗೆ ಬರೆದೆ.

ಅವರನ್ನು ಮುಂಬೈಗೆ ಕಳಿಸಲು ವಿಜಾಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಹತ್ತಿರ ಮೇಣಬಟ್ಟೆ ಕೊಂಡು ವಹಿ ಸುತ್ತಿದೆವು. ವಿಜಾಪುರ ಸ್ಟೇಶನ್ನಿನಲ್ಲಿ ಆಗ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆಬೇರೆ ಇಡುತ್ತಿದ್ದರು. ಇವರು ಎರಡಕ್ಕೂ ಬೆರಳು ಅದ್ದಿ, "ಎರಡೂ ಎಂಬತ್ತೆರಡ ಅದಾವಲೇ!" ಎಂದು ಕೂಗಿದರು. ಇಬ್ಬರು ನೀರಿನವರೂ ಒಟ್ಟಿಗೆ ಅಟ್ಟಿಸಿಕೊಂಡು ಬಂದರು. ಅಷ್ಟರಲ್ಲಿ ಗಾಡಿ ಹೊರಟಿತು. ಸಾಬರು ವಹಿಯನ್ನು ಎದೆಗೆ ಒತ್ತಿಕೊಂಡು ಓಡಿ ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಮತ್ತೆ ತಿಕೋಟಾಕ್ಕೆ ಬರಲೇ ಇಲ್ಲ.

ತಿಂಗಳಾದ ಮೇಲೆ ಮುಂಬೈಯಿಂದ ಒಂದು ಕಾರ್ಡು ಬಂತು, ಆ ಕಚೇರಿಯಲ್ಲಿದ್ದ ಕಾರವಾರದ ಗುಮಾಸ್ತರೊಬ್ಬರ ಕೈಯಲ್ಲಿ ಸಾಬರು ಬರೆಸಿದ್ದು:

"ಗುರುಪಾದಗ ಸಲಾಮ. ಕಚೇರಿ ಸಾಹೇಬ ಮೊದಲಿಗೆ ವಹಿ ನಂಬಲಿಲ್ಲ, ದರ್ಜಿ ಬರದಾನ ಅಂದ. ಹುಳ ತಿಂದೈತಿ ಅಂಬೂದು ಗುಮಾಸ್ತರು ಇಂಗ್ಲಿಷಿನ್ಯಾಗ ಓದಿ ಹೇಳಿದ್ರು. ಭಾಳ ನಕ್ಕ. ಇದನ್ನ ಬರದಾಂವ ಉಳದದ್ದು ಸುಳ್ಳ ಬರಿಯೂದಿಲ್ಲ ಅಂದು, ತಗೊಂಡ."