ನೀರೊಲೆಯ ಮಸಿ

ಸಿದ್ದಕ್ಕ, ನಿನ್ನ ಆಲೆಮನೆಯ ಒಲೆ ಆರಿಸಿದವನು ನಾನು. ಸರ್ಕಾರವಲ್ಲ, ಇಂಜಿನಿಯರ್ ಸಾಹೇಬರೂ ಅಲ್ಲ — ದಿನಾ ನಿನ್ನ ಕೈಯಿಂದ ಬಿಸಿ ಬೆಲ್ಲ ಇಸಿದುಕೊಂಡು ತಿಂದ, ಪ್ರವಾಸಿ ಬಂಗಲೆ ಕಾಯುವ ಈ ಮೇಟಿ.

ಯುದ್ಧದ ಕಾಲ. ಮಳವಳ್ಳಿಯಾಚೆಯ ಜಲಪಾತ ನೋಡಲು ಬಂದ ದೊರೆಗಳು ನಮ್ಮ ಬಂಗಲೆಯಲ್ಲಿ ತಂಗುತ್ತಿದ್ದರು. ಬಿಳಿ ಬಟ್ಟೆಯ ಮೇಲೆಲ್ಲ ಮಸಿ ಬೀಳುತ್ತದೆ ಎಂದು ದೂರಿದರು. ಎಲ್ಲರ ಕಣ್ಣೂ ನಿನ್ನ ಆಲೆಮನೆಯ ಹೊಗೆಯ ಮೇಲೆ ಬಿತ್ತು. ಗಾಳಿಯ ಮಸಿ ಅಳೆಯಲು ಇಂಜಿನಿಯರ್ ಸಾಹೇಬರು ನನಗೊಂದು ಬಿಳಿ ಪಿಂಗಾಣಿ ತಟ್ಟೆ ಕೊಟ್ಟರು. ಹರಳೆಣ್ಣೆ ಸವರಿ ತಾರಸಿಯ ಮೇಲಿಡಬೇಕು, ವಾರಕ್ಕೊಮ್ಮೆ ಅವರು ಬಂದು ಅಂಟಿದ್ದನ್ನು ಕೆರೆದು ತೂಗುತ್ತಾರೆ. ಅಷ್ಟನ್ನೂ ನಾನು ನೆಟ್ಟಗೆ ಮಾಡಲಿಲ್ಲ.

ತಾರಸಿಯಲ್ಲಿ ಕೋತಿಗಳ ಕಾಟ. ತಟ್ಟೆ ಹೊತ್ತೊಯ್ದು ಮರ ಹತ್ತುತ್ತಿದ್ದವು. ಹಾಳಾಗಿ ಹೋಗಲಿ ಎಂದು ಅದನ್ನು ಬಚ್ಚಲುಮನೆಯ ಹೊಗೆಗೂಡಿನ ಪಕ್ಕ ಇಟ್ಟೆ. ದೊರೆಗಳ ಸ್ನಾನಕ್ಕೆಂದು ಅಲ್ಲಿ ನೀರೊಲೆ ಸದಾ ಉರಿಯುತ್ತಿತ್ತು. ಕೋತಿಗಳು ಅತ್ತ ಸುಳಿಯುತ್ತಿರಲಿಲ್ಲ. ಒಳ್ಳೆಯ ಜಾಗ ಸಿಕ್ಕಿತೆಂದು ಹಿಗ್ಗಿದೆನೇ ಹೊರತು, ಅವು ಯಾಕೆ ಬರುವುದಿಲ್ಲ ಎಂದು — ಈ ಮಂಕು ತಲೆಗೆ ಹೊಳೆಯಲೇ ಇಲ್ಲ.

ಸಾಹೇಬರು ಬರುವ ಹೊತ್ತಿಗೆ ಅದನ್ನು ತಾರಸಿಗೆ ಸಾಗಿಸಿದೆ. ತಟ್ಟೆ ರೊಟ್ಟಿ ಹೆಂಚಿನಷ್ಟು ಕರ್ರಗಿತ್ತು.

"ಇದು ಇಲ್ಲೇ ಇತ್ತೇನಯ್ಯಾ?"

"ಊ ಸ್ವಾಮಿ, ಇಲ್ಲೇ ಮಡಗಿದ್ದೆ."

ಬೈಗುಳಕ್ಕೆ ಹೆದರಿ ಆಡಿದ ಮಾತು. ಆಲೆಮನೆ ಮುಚ್ಚಲು ಆಜ್ಞೆಯಾಯಿತು. ಗಂಡ ಸತ್ತ ಮೇಲೆ ನಿನಗಿದ್ದ ಜೀವನ ಅದೊಂದೇ. ನೀನು ಬಂಗಲೆಗೆ ಬಂದು ಕೇಳಿದೆ: "ನಮ್ಮ ಒಗೆ ಇಲ್ಲೀಗಂಟ ಬತ್ತದೇನ್ಲಾ ತಮ್ಮ? ನೀನು ಯೋಳುದ್ರೆ ನಂಬ್ತೀನಿ."

"ಬತ್ತದೆ ಕಣಕ್ಕ" ಎಂದೆ.

ಮರುವಾರವೂ ತಟ್ಟೆಯನ್ನು ಹೊಗೆಗೂಡಿನ ಪಕ್ಕವೇ ಇಟ್ಟೆ. ನಿನ್ನ ಒಲೆ ತಣ್ಣಗಿತ್ತು. ತಟ್ಟೆ ಮಾತ್ರ ಅಷ್ಟೇ ಕಪ್ಪು. ಅಂಟುತ್ತಿದ್ದದ್ದು ನಮ್ಮ ನೀರೊಲೆಯದೇ ಮಸಿ. ಆಗಲಾದರೂ ಹೇಳಬಹುದಿತ್ತು, ನೀನಿನ್ನೂ ಕೊಪ್ಪರಿಗೆ ಮಾರಿರಲಿಲ್ಲ... ನಾನು ಹೆಗಲ ಟವಲಿನಿಂದ ಮಸಿ ಒರೆಸಿ, ಹೊಸ ಎಣ್ಣೆ ಸವರಿ, ತಾರಸಿಯಲ್ಲಿಟ್ಟೆ. ಮೊದಲನೆಯದನ್ನು ದಡ್ಡತನ ಎನ್ನಬಹುದು, ಇದಕ್ಕೆ ಏನೆನ್ನಲಿ?

"ನೋಡಿದೆಯಾ, ಗಾಳಿ ಎಷ್ಟು ಚೊಕ್ಕವಾಯಿತು" ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು.

ನೀನು ಕೊಪ್ಪರಿಗೆ ಮಾರಿ ಮದ್ದೂರಿನ ಕಡೆ ಕೂಲಿಗೆ ಹೋದೆ. "ಬಾರ್ಲಾ, ಕಬ್ಬಿನಾಲು ಕುಡ್ಕಂಡು ಓಗು" ಎಂದು ಕರೆಯುವವರು ಆಮೇಲೆ ನನಗೆ ಯಾರೂ ಸಿಗಲಿಲ್ಲ. ಬಂದವರು ಸ್ನಾನ ಮಾಡಿ, ಜಲಪಾತ ನೋಡಿ ಹೋಗುತ್ತಿದ್ದರು. ನಾನೊಬ್ಬನೇ ಅದೇ ನೀರೊಲೆಯ ಮುಂದೆ ಕೂತು ಮುದುಕನಾದೆ.

ನೀನಿದ್ದೀಯೋ ಇಲ್ಲವೋ ತಿಳಿಯದು. ಇದ್ದರೆ, ನೀನಂದು ಕೇಳಿದ್ದಕ್ಕೆ ಉತ್ತರ — ನಿನ್ನ ಹೊಗೆ ಬಂಗಲೆಯ ತನಕ ಬಂದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ, ಅಕ್ಕ. ಬರುತ್ತಿದ್ದದ್ದು ಬೆಲ್ಲದ ವಾಸನೆ.