ತಿಮ್ಮಕ್ಕನ ಮನೆಯ ಬೆಣ್ಣೆ

ಜಾಲ್ಸೂರಿನ ಆದಂ ಕುಂಞಿಯವರ ಬೇಕರಿಗೆ ಬೋರ್ಡೇ ಇಲ್ಲ. ಊರವರ ಬಾಯಲ್ಲಿ ಅವರು ಆದಮಾಕ. ಹಟ್ಟಿಯಲ್ಲಿ ದನ ಇರುವವರು ತಮ್ಮ ಮನೆಯ ಬೆಣ್ಣೆಯನ್ನೇ ಸ್ಟೀಲ್ ಡಬ್ಬಿಯಲ್ಲಿ ತಂದು ಕೊಡುತ್ತಾರೆ, ಆದಮಾಕ ಅದರಲ್ಲೇ ಬಿಸ್ಕೆಟ್ ಮಾಡಿ ಕೊಡುತ್ತಾರೆ. ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಬೆಳ್ಳಗಾಗುವ ತನಕ ಅಂಗೈಯಲ್ಲಿ ತಿಕ್ಕಬೇಕು. ಮೈದಾ ಸೇರಿಸಿದ ಮೇಲೆ ಹೆಚ್ಚು ನಾದಬಾರದು. ಉಂಡೆ ಕಟ್ಟಿ, ಮೆಲ್ಲಗೆ ತಟ್ಟಿ, ಕೆಂಡ ಎಳೆದು ತೆಗೆದ ಒಲೆಯ ಬರೀ ಕಾವಿನಲ್ಲಿ ಬೇಯಿಸಬೇಕು. ಕೇಳಲಿಕ್ಕೇನೋ ಸುಲಭ. ಮನೆಯಲ್ಲಿ ಮಾಡಿ ನೋಡಿದವರ ಬಿಸ್ಕೆಟನ್ನು ಅವರ ದನವೂ ಮೂಸಿರಲಿಕ್ಕಿಲ್ಲ.

ಆದಮಾಕನಿಗೆ ಒಂದು ಜಂಬ ಇತ್ತು. ಡಬ್ಬಿಗೆ ಹೆಸರು ಬರೆಯುತ್ತಿರಲಿಲ್ಲ. ಮುಚ್ಚಳ ತೆಗೆದು ಮೂಸಿದರೆ ಸಾಕು, ಯಾರ ಮನೆಯ ಬೆಣ್ಣೆ ಎಂದು ಹೇಳಿಬಿಡುತ್ತಿದ್ದರು. ತಿಮ್ಮಕ್ಕನ ಮನೆಯದಂತೂ ಕೇಳುವುದೇ ಬೇಡ. ಅವರು ಬೆಣ್ಣೆ ಇಡುತ್ತಿದ್ದುದು ಒಲೆಯ ಮೇಲೆ ತೂಗುಹಾಕಿದ ನೆಲುವಿನಲ್ಲಿ, ಹಾಗಾಗಿ ಅದಕ್ಕೆ ಒಂಚೂರು ಹೊಗೆಯ ವಾಸನೆ.

ಹೋದ ಮಳೆಗಾಲದಲ್ಲಿ ಆದಮಾಕನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಮೂಗು ಮಾತ್ರ ಸತ್ತೇಹೋಯಿತು. ಗೊತ್ತಾದದ್ದು ಹೆಂಡತಿ ಫಸೀಲಾ ಒಬ್ಬಳಿಗೆ.

"ಡಬ್ಬಿಗೆ ಒಂದು ಹೆಸರು ಬರೆದರೆ ನಿಮ್ಮದೆಂತ ಹೋಗುದು?" ಎಂದು ಅವಳು ಕೇಳಿದಳು.

ಹೋಗುವುದು ಮಾನ. ಆದಮಾಕ ಯಾರಿಗೂ ಹೇಳಲಿಲ್ಲ, ಹೆಸರನ್ನೂ ಬರೆಯಲಿಲ್ಲ. ಡಬ್ಬಿ ಇಟ್ಟ ಜಾಗ ನೆನಪಿಟ್ಟುಕೊಂಡು, ಗಿರಾಕಿಗಳ ಎದುರು ಮೂಸಿದ ಹಾಗೆ ಮಾಡಿ ದಿನ ದೂಡಿದರು.

ಒಂದು ಬೆಳಿಗ್ಗೆ ತಿಮ್ಮಕ್ಕ ಡಬ್ಬಿ ತಂದರು. ಅವರ ಗಂಡ ದುಗ್ಗಪ್ಪ ಗೌಡರನ್ನು ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು.

"ಇವರಿಗೆ ಗಂಟಲಲ್ಲಿ ಎಂತದೂ ಇಳಿಯುದಿಲ್ಲ ಆದಮಾಕ. ನಮ್ಮ ಬೆಣ್ಣೆಯ ಬಿಸ್ಕೆಟ್ ಕಾಫಿಗೆ ಅದ್ದಿ ತಿನ್ಬೇಕಂತೆ. ಇನ್ನೊಂದು ಆಸೆ ಕೇಳ್ಲಿಕ್ಕೆ ಅವರು ಉಂಟೋ ಇಲ್ವೋ."

ಅದೇ ದಿನ ಇನ್ನೊಬ್ಬ ಗಿರಾಕಿ ಮೋಕ್ಷಿತಾಳ ಮನೆಯಿಂದಲೂ ಅಂಥದೇ ಡಬ್ಬಿ ಬಂದಿತ್ತು. ಮಧ್ಯಾಹ್ನ ಮೇಜು ಒರೆಸುವಾಗ ಫಸೀಲಾ ಎರಡನ್ನೂ ಆಚೀಚೆ ಮಾಡಿದಳು. ಆದಮಾಕ ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು. ಏನೂ ಇಲ್ಲ. ಹಿತ್ತಿಲಲ್ಲಿದ್ದ ಫಸೀಲಾಳನ್ನು ಒಂದು ಕೂಗು ಕೂಗಿದ್ದರೆ ಮುಗಿಯುತ್ತಿತ್ತು. ಕೂಗಲಿಲ್ಲ. ಬೆಣ್ಣೆ ಅಂದರೆ ಬೆಣ್ಣೆಯೇ ಅಲ್ಲವಾ ಎಂದು ಅಂದಾಜಿನಲ್ಲೇ ಕೆಲಸಕ್ಕೆ ಇಳಿದರು.

ಕೆಲವು ದಿನ ಕಳೆದು ಮೋಕ್ಷಿತಾ ಬಂದಳು. "ಎಂತ ಮಾರಾಯ್ರೆ, ಈ ಸಲ ಬಿಸ್ಕೆಟಲ್ಲಿ ಹೊಗೆ ವಾಸನೆ!" ಎಂದು ನಕ್ಕು ಹೋದಳು. ಡಬ್ಬಿ ಅದಲುಬದಲಾದದ್ದು ಆದಮಾಕನಿಗೆ ಆಗ ಗೊತ್ತಾಯಿತು. ಈಗಲೇ ತಿಮ್ಮಕ್ಕನ ಮನೆಗೆ ಓಡಬೇಕೆಂದು ಅಂಗಿ ಹಾಕುತ್ತಿದ್ದಾಗ ತಿಮ್ಮಕ್ಕನೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬೆಣ್ಣೆಯ ಡಬ್ಬಿ, ಹಣೆ ಬೋಳು.

"ನಾಳೆ ಇವರಿಗೆ ಎಡೆ ಬಡಿಸುವ ದಿನ. ಎಲೆಗೆ ಇಡ್ಲಿಕ್ಕೆ ಬಿಸ್ಕೆಟ್ ಬೇಕು," ಎಂದರು. ಆಮೇಲೆ ತಡೆಯಲಾಗಲಿಲ್ಲ. "ಅವತ್ತು ಒಂದು ತುಂಡು ಬಾಯಿಗಿಟ್ಟು, ಇದು ನಮ್ಮದಲ್ಲ ಅಂತ ಉಗುಳಿದ್ರು. ಆದಮಾಕನ ಮೂಗು ತಪ್ಪುದುಂಟಾ, ನಿಮ್ಮ ಬಾಯಿಯೇ ಕೆಟ್ಟದ್ದು ಅಂತ ನಾನು ಜೋರು ಮಾಡಿದೆ. ಮತ್ತೆ ಎಂತ ಕೊಟ್ರೂ ಬಾಯಿ ತೆರೆಯಲಿಲ್ಲ. ಮರುದಿನ ಹೋದ್ರು."

ಸುಮ್ಮನಿದ್ದರೆ ಆದಮಾಕನ ಮಾನ ಉಳಿಯುತ್ತಿತ್ತು, ತಿಮ್ಮಕ್ಕನಿಗೂ ಅಷ್ಟು ನೋವು ಕಡಿಮೆ. ಆದರೆ ಸತ್ತವರ ಮೇಲೆ ಸುಳ್ಳು ಹೊರಿಸಿ ಬದುಕುವುದು ಅವರಿಂದ ಆಗಲಿಲ್ಲ.

"ಗೌಡ್ರು ಹೇಳಿದ್ದೇ ಸರಿ ತಿಮ್ಮಕ್ಕ. ಅದು ನಿಮ್ಮ ಬೆಣ್ಣೆ ಅಲ್ಲ. ನನಗೆ ವಾಸನೆ ಗೊತ್ತಾಗುದಿಲ್ಲ, ಜ್ವರ ಬಂದಲ್ಲಿಂದ."

ತಿಮ್ಮಕ್ಕ ಬೆಂಚಿನ ಮೇಲೆ ಕೂತರು.

"ಹಾಗಾದ್ರೆ ಅವರ ಬಾಯಿ ಕೆಟ್ಟಿರಲಿಲ್ಲ," ಎಂದರು. "ಹೋಗುವವರಿಗೆ ನಾನು ಸುಮ್ಮನೆ ಬೈದೆ."

ಸೆರಗು ಬಾಯಿಗೊತ್ತಿಕೊಂಡು ಅತ್ತರು. ಸಮಾಧಾನ ಹೇಳಲು ಯಾವ ಮುಖ? ಒಲೆಯ ಪಕ್ಕ ನಿಂತು ಆದಮಾಕನೂ ಅತ್ತರು. ಡಬ್ಬಿ ಎತ್ತಿಕೊಂಡು ಹೊರಟುಹೋಗುತ್ತಾರೆ ಎಂದುಕೊಂಡರೆ ತಿಮ್ಮಕ್ಕ ಹೋಗಲಿಲ್ಲ. ಮುಚ್ಚಳ ತೆಗೆದು ತಾವೇ ಮೂಸಿ, ಡಬ್ಬಿಯನ್ನು ಮೇಜಿನ ಮೇಲೆ ಅವರತ್ತ ಸರಿಸಿದರು.

"ಇದು ನಮ್ಮದೇ. ಹೆಸರು ಬರೀರಿ."

ಆದಮಾಕ ಕಾಗದದ ಚೂರು ಹರಿದು ಪೆನ್ನು ಹುಡುಕಿದರು. "ತಿಮ್ಮಕ್ಕ ಅಂತ ಬರೀಲಾ?"

"ಅಲ್ಲ. ಅವರದ್ದು ಬರೀರಿ."

ದುಗ್ಗಪ್ಪ ಎಂದು ಬರೆದು, ಮೈದಾ ಕಲಸಿ ಹಿಂದೆ ಹಚ್ಚಿ, ಡಬ್ಬಿಗೆ ಅಂಟಿಸಿದರು.