ಹುಳಿ ಅಂದರೋ, ಸಾಕು ಅಂದರೋ

ಸರ್ರ್, ಸರ್ರ್, ಸರ್ರ್. ಬಟ್ಟೆಚೀಲದೊಳಗೆ ಅಕ್ಕಿಗೆ ಅಕ್ಕಿ ಉಜ್ಜುವ ಸದ್ದು. ಚೀನಾದ ಜಿನಾನ್ ಊರಿನ ಹಳೇ ಓಣಿಯಲ್ಲಿ, ಲುವಾನ್ ಗುರುಗಳ ಮಾಲೀಸು ಮನೆಯ ಹಿಂದಿನ ಕೋಣೆಯಲ್ಲಿ, ಬೆಳಗಿನ ಏಳಕ್ಕೆ ಶುರುವಾದರೆ ಹನ್ನೊಂದರ ತನಕ ಆ ಸದ್ದು ನಿಲ್ಲುತ್ತಿರಲಿಲ್ಲ. ದಿಂಬಿನಷ್ಟು ದೊಡ್ಡ ಅಕ್ಕಿಚೀಲದ ಮೇಲೆ ಶಿಯಾಂಗ್ ಮಿನ್ ತನ್ನ ಬಲಗೈಯ ಹಿಂಭಾಗವನ್ನು ಕಿರುಬೆರಳಿನ ಕಡೆಯಿಂದ ಹೊರಳಿಸಿ ಹೊರಳಿಸಿ ಒತ್ತುತ್ತಿದ್ದಳು. ನಿಮಿಷಕ್ಕೆ ನೂರಿಪ್ಪತ್ತು ಹೊರಳು. ಹೆಚ್ಚಾದರೆ ಆತುರ, ಕಡಿಮೆಯಾದರೆ ಸೋಮಾರಿತನ ಅನ್ನುತ್ತಿದ್ದರು ಗುರುಗಳು. ಮಿನ್‌ಳದು ಯಾವತ್ತೂ ನೂರನಲವತ್ತು.

ಹದಿನಾಲ್ಕು ವಾರ ಕಳೆದಿತ್ತು. ಇನ್ನೂ ಒಂದೇ ಒಂದು ಜೀವಂತ ಬೆನ್ನನ್ನು ಅವಳ ಕೈ ಮುಟ್ಟಿರಲಿಲ್ಲ. ಅವಳ ಜೊತೆಗೇ ಕಲಿಯಲು ಸೇರಿದ ಕೂ ಯಿಂಗ್, ಇದೇ ಊರಿನವಳು, ಮೂವತ್ತು ದಾಟದವಳು, ಒಂಬತ್ತನೇ ವಾರಕ್ಕೇ ಚೀಲ ಬಿಟ್ಟು ಮುಂದಿನ ಕೋಣೆಯ ಮಂಚಗಳ ಹತ್ತಿರ ಹೋಗಿದ್ದಳು. ಬಿಡುವಾದಾಗ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

"ಅಕ್ಕಾ, ಇನ್ನೊಂದು ವಾರ ಹಿಂಗೇ ತಿಕ್ಕಿದ್ರೆ ಅಕ್ಕಿ ಹಿಟ್ಟಾಗುತ್ತೆ. ಗಂಜಿ ಕಾಸ್ಕೊಂಡು ಕುಡಿಯೋಣ."

"ನಿನ್ನ ಬಾಯಿಗೂ ಒಂದು ಚೀಲ ಹೊಲಿಸ್ತೀನಿ, ಇರು."

ಮಿನ್‌ಗೆ ನಲವತ್ತೊಂದು. ದೂರದ ದಕ್ಷಿಣದ ಹುನಾನ್‌ನ ಪಟಾಕಿ ಊರಿನವಳು. ಹದಿನೇಳನೇ ವಯಸ್ಸಿನಿಂದ ಕಾರ್ಖಾನೆಯಲ್ಲಿ ಕಾಗದ ಸುತ್ತಿ ಪಟಾಕಿಯ ಕೊಳವೆ ಮಾಡಿದ ಕೈ ಅವಳದು. ಕಾರ್ಖಾನೆಗೆ ಯಂತ್ರ ಬಂತು, ಗಂಡನಿಗೆ ಉತ್ತರದ ಈ ಊರಿನಲ್ಲಿ ಕ್ರೇನ್ ಓಡಿಸುವ ಕೆಲಸ ಸಿಕ್ಕಿತು, ಅವನ ಹಿಂದೆ ಬಂದಳು. ಬಂದವಳಿಗೆ ಸುಮ್ಮನೆ ಕೂರುವುದು ಹೇಗೆಂದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ ಕೈ ಹೊರಳುತ್ತಿತ್ತು. ನೂಡಲ್ಸ್ ಅಂಗಡಿಯಲ್ಲಿ ಬಟ್ಟಲು ಬರುವ ತನಕ ಮೇಜಿನ ಅಂಚಿನ ಮೇಲೆ ಹೊರಳುತ್ತಿತ್ತು.

"ಕ್ರೇನಲ್ಲಿ ಕೂತು ಕೂತು ನನ್ನ ಬೆನ್ನು ಹಲಗೆ ಆಗಿದೆ," ಅಂದಿದ್ದ ಗಂಡ. "ಮನೇಲೇ ಬೆನ್ನಿಟ್ಕೊಂಡು ಆ ಅಕ್ಕೀನ ಯಾಕೆ ಗೋಳು ಹುಯ್ಕೋತೀಯ?"

"ಗುರುಗಳು ಬೇಡ ಅಂದಿದ್ದಾರೆ. ಗಂಡನ ಬೆನ್ನಲ್ಲಿ ಕಲಿತ ಕೈ ಮುಲಾಜು ಕಲಿಯುತ್ತಂತೆ."

"ಮುಲಾಜಾ? ನಿನಗಾ?" ಅಂತ ಅವನು ಊಟದ ಕಡ್ಡಿ ಕೆಳಗಿಟ್ಟು ನಕ್ಕಿದ್ದ.

ಅವಳಿಗೆ ನಗು ಬಂದಿರಲಿಲ್ಲ. ತಿಂಗಳ ಕೊನೆಗೆ ಹಿರಿಯ ಕೆಲಸಗಾತಿಯೊಬ್ಬಳು ಬಿಟ್ಟುಹೋಗುವವಳಿದ್ದಳು. ಅವಳ ಮಂಚ ಕೂ ಯಿಂಗ್‌ಗೋ ಮಿನ್‌ಗೋ ಎಂಬುದನ್ನು ಸೋಮವಾರ ಹೇಳುತ್ತೇನೆ ಅಂದಿದ್ದರು ಗುರುಗಳು. ಸಿಗದವಳು ಮುಂದಿನ ವಸಂತದ ತನಕ ಕಾಯಬೇಕು. ಕಾಯುವುದು ಅನ್ನುವ ಮಾತು ಕೇಳಿದರೇ ಮಿನ್‌ಳ ಅಂಗಾಲು ಬಿಸಿಯಾಗುತ್ತಿತ್ತು.

ಗುರುವಾರ ಮಧ್ಯಾಹ್ನ ಪರದೆಯ ಆಚೆಯಿಂದ ಲುವಾನ್ ಗುರುಗಳು ಕರೆದರು. "ಶಿಯಾಂಗ್, ಕೈ ಬಿಸಿನೀರಲ್ಲಿ ತೊಳ್ಕೊಂಡು ಬಾ."

ಮಂಚದ ಅಂಚಿನಲ್ಲಿ ಕೂತಿದ್ದವರು ಪಾಂಗ್ ಅಜ್ಜ. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿ ನಿವೃತ್ತರಾದವರು, ಸೊಂಟ ಹಿಡಿದಿತ್ತು. ಗುರುಗಳು ಅವರ ನಾಲಿಗೆ ನೋಡಿ, ನಾಡಿ ಹಿಡಿದು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮಗಳ ಜೊತೆ ಜಗಳ ನಿಂತಿತೇ ಎಂದೆಲ್ಲ ಕೇಳಿ ಆಮೇಲೆ ಬೋರಲು ಮಲಗಿಸಿದರು. ಮಿನ್‌ಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು.

"ಮಲಗಿದವರ ಮಾತು ಮೂರೇ. ಹುಳಿ, ಬಿಗಿ, ನೋವು. ಹುಳಿ ಅಂದ್ರೆ ಜಾಗ ಸಿಕ್ತು, ಮುಂದುವರಿ. ಬಿಗಿ ಅಂದ್ರೆ ಅಲ್ಲೇ ನಿಂತು ಕಾಯಿ. ನೋವು ಅಂದ್ರೆ ಕೈ ತೆಗಿ."

ದಣಿದ ಮಾಂಸವನ್ನು ಸರಿಯಾದ ಕಡೆ ಒತ್ತಿದಾಗ ಒಳಗಿಂದ ಏಳುವ ಆ ಹಿತವಾದ ಸೆಳೆತಕ್ಕೆ ಅಲ್ಲಿ ಹುಳಿ ಅಂತಲೇ ಹೆಸರು. ಸ್ವಾನ್. ಹುಳಿಯಾಯಿತು ಅನ್ನುವುದಕ್ಕೆ ಸ್ವಾನ್‌ಲಾ.

"ಮೇಷ್ಟ್ರೇ, ನಿಧಾನ," ಅಂದರು ಪಾಂಗ್ ಅಜ್ಜ, ಮುಖ ಕೆಳಗೆ ಮಾಡಿ. ಗುರುತಿಲ್ಲದವರನ್ನೆಲ್ಲ, ಸೊಪ್ಪು ಮಾರುವವಳಿಂದ ಹಿಡಿದು, ಮೇಷ್ಟ್ರೇ ಅನ್ನುವುದು ಆ ಊರಿನ ರೂಢಿ. ಗೊತ್ತಿದ್ದರೂ ಮಿನ್‌ಳ ಬೆನ್ನು ನೆಟ್ಟಗಾಯಿತು.

ಕೈ ಹೊರಳತೊಡಗಿತು. ಅಕ್ಕಿಯಲ್ಲಿ ಸಿಗದಿದ್ದದ್ದು ಇಲ್ಲಿತ್ತು. ಬಿಸುಪು, ಉಸಿರಿನ ಏರಿಳಿತ, ಚರ್ಮದಡಿಯಲ್ಲಿ ಹಗ್ಗದ ಗಂಟಿನಂಥ ಒಂದು ಗಂಟು. ಗುರುಗಳು ಕೋಣೆಯ ಆಚೆ ತುದಿಯ ಮಂಚದಲ್ಲಿ ಇನ್ನೊಬ್ಬರ ಬೆನ್ನಿಗೆ ನೋವು ಎಳೆಯುವ ಗಾಜಿನ ಬಟ್ಟಲು ಅಂಟಿಸುತ್ತಾ ಪರದೆಯ ಸಂದಿಯಿಂದ ಇತ್ತ ನೋಡುತ್ತಿದ್ದರು. ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ, ಕೈ ಕಾಣುವಷ್ಟು ಹತ್ತಿರವಿದ್ದರು. ಮಿನ್ ಗಂಟಿನ ಮೇಲೆ ಮೊಣಕೈ ಊರಿದಳು.

"ಸ್ವಾನ್‌ಲಾ," ಅಂದರು ಅಜ್ಜ.

ಅವಳು ಇನ್ನಷ್ಟು ಭಾರ ಬಿಟ್ಟಳು.

"ಸ್ವಾನ್‌ಲಾ, ಸ್ವಾನ್‌ಲಾ, ಮೇಷ್ಟ್ರೇ."

ಇನ್ನೂ ಸ್ವಲ್ಪ. ಪಕ್ಕದ ಮಂಚದಿಂದ ಕೂ ಯಿಂಗ್ ಓಡಿ ಬಂದು ಅವಳ ತೋಳು ಹಿಡಿದೆಳೆದಳು. "ಅಕ್ಕಾ, ಕೈ ತೆಗಿ. ಸಾಕು ಅಂತಿದ್ದಾರೆ."

ಹುಳಿಗೂ ಸ್ವಾನ್, ಸಾಕು ಬಿಡು ಅನ್ನುವುದಕ್ಕೂ ಸ್ವಾನ್. ಶಾಲೆಯಲ್ಲಿ ಕಲಿಸುವ ಮಾತಿನಲ್ಲಿ ಹುಳಿಯ ಸ್ವರ ಮೇಲೆಯೇ ನಿಲ್ಲುತ್ತದೆ, ಸಾಕಿನ ಸ್ವರ ಧೊಪ್ಪನೆ ಬೀಳುತ್ತದೆ. ಈ ಊರಿನ ಮುದುಕರ ಬಾಯಲ್ಲಿ ಎರಡೂ ಕೆಳಗೇ ಬೀಳುತ್ತವೆ. ಪಾಂಗ್ ಅಜ್ಜ ತಾವಾಗಿ ಏಳಲಾರದೆ ಹೋದರು. ಇಬ್ಬರು ಎತ್ತಿ ಕೂರಿಸಬೇಕಾಯಿತು. ಮಗಳು ಬಂದು, ಯಾರ ಮುಖವನ್ನೂ ನೋಡದೆ, ಅವರನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳು.

ಮುಂದಿನ ಎರಡು ದಿನ ಮಿನ್ ಕೂತಲ್ಲಿ ಕೂರಲಿಲ್ಲ. ಒಗೆದ ಬಟ್ಟೆಯನ್ನೇ ಒಗೆದಳು. ಪಾತ್ರೆ ಹಿಡಿದಾಗಲೂ, ಗಂಡನ ಅಂಗಿ ಮಡಿಸುವಾಗಲೂ ಮೊಣಕೈಗೆ ಅದೇ ಗಂಟು ತಾಗುತ್ತಿತ್ತು.

ಶನಿವಾರ ಸಂಜೆ ಗುರುಗಳು ಕರೆದು ಎದುರಿಗೆ ಕೂರಿಸಿಕೊಂಡರು. ಎರಡು ಲೋಟಕ್ಕೆ ಚಹಾ ಬಗ್ಗಿಸಿದರು.

"ತಪ್ಪು ನಂದು," ಅಂದರು. "ದಕ್ಷಿಣದವಳಿಗೆ ಈ ಊರಿನ ಮಾತು ಮೊದಲೇ ಹೇಳಿಕೊಡ್ಬೇಕಿತ್ತು. ಹಿಂದೆಯೂ ಒಬ್ಬನಿಗೆ ಹಿಂಗೇ ಆಗಿತ್ತು. ನಿನ್ನ ಕೈ ನೋಡ್ದೆ. ಕೂ ಯಿಂಗ್ ಕೈಗಿಂತ ಆಳಕ್ಕಿಳಿಯುತ್ತೆ. ಮಂಚ ನಿನಗೇ ಕೊಡೋಣ ಅಂತಿದ್ದೀನಿ."

ಈ ಒಂದು ಮಾತಿಗೆ ಅವಳು ಹದಿನಾಲ್ಕು ವಾರ ಅಕ್ಕಿ ತಿಕ್ಕಿದ್ದಳು. ತಲೆಯಾಡಿಸಿದರೆ ಮುಗಿಯಿತು. ತಲೆ ಆಡಲಿಲ್ಲ.

"ಮಾತಿನ ತಪ್ಪಲ್ಲ, ಗುರುಗಳೇ."

"ಮತ್ತೆ?"

"ಅವರು ಎರಡನೇ ಸಲ ಬಾಯಿ ಬಿಡೋ ಮೊದಲೇ ಮಾಂಸ ಗಟ್ಟಿಯಾಯ್ತು. ಒಳಗಿಂದ ಯಾರೋ ಬಾಗಿಲು ಹಾಕ್ಕೊಂಡ ಹಾಗೆ. ಕಿವಿಗೆ ಗೊತ್ತಾಗ್ಲಿಲ್ಲ, ಕೈಗೆ ಗೊತ್ತಾಯ್ತು. ನೀವು ನೋಡ್ತಿದ್ರಿ. ಅದಕ್ಕೇ ತೆಗೀಲಿಲ್ಲ."

ಗುರುಗಳು ಲೋಟ ಕೆಳಗಿಟ್ಟರು.

"ಹೇಳ್ದೇ ಇದ್ದಿದ್ರೆ ನನಗೆ ತಿಳೀತಿರ್ಲಿಲ್ಲ."

"ಹೌದು."

"ತಿಳಿದ ಮೇಲೆ ಮಂಚ ಕೊಡೋದಕ್ಕಾಗಲ್ಲ. ಸೋಮವಾರ ಕೂ ಯಿಂಗ್ ಹೆಸರು ಹೇಳ್ತೀನಿ."

"ಹೇಳಿ. ಪಾಂಗ್ ಅಜ್ಜನ ಮನೆ ಎಲ್ಲಿ?"

"ಹತ್ತಿ ಗಿರಣಿ ಹಿಂದಿನ ವಠಾರ, ಮೂರನೇ ಮಹಡಿ. ಯಾಕೆ?"

"ಹೋಗ್ಬೇಕು."

"ಈಗ ಹೋದ್ರೆ ಆ ಮಗಳು ಬಾಗಿಲಲ್ಲೇ ನಿಲ್ಲಿಸಿ ಬೈತಾಳೆ. ಅವಳ ಬಾಯಿ ನಿನಗೆ ಗೊತ್ತಿಲ್ಲ."

"ಬೈಲಿ."

"ಕೂತ್ಕೋ ಮಾರಾಯ್ತಿ. ಚಹಾ ಆರ್ತಾ ಇದೆ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ. ನಾನಿದ್ರೆ ಅವಳು ಸ್ವಲ್ಪ ತಗ್ಗಿ ಮಾತಾಡ್ತಾಳೆ. ಇನ್ನೊಂದು ವಿಷಯ ಹೇಳೋದಿದೆ, ಕೈಗೆ ಗೊತ್ತಾಯ್ತು ಅಂದೆಯಲ್ಲ, ಅದು ಎಲ್ಲರಿಗೂ ಅಷ್ಟು ಬೇಗ..."

ಮಿನ್ ಎದ್ದಾಗಿತ್ತು. ಬಿಳಿ ಮೇಲಂಗಿಯ ಗುಂಡಿ ಬಿಚ್ಚುತ್ತಲೇ ಹೊಸ್ತಿಲು ದಾಟಿದಳು. ಗುರುಗಳು ಒಳಗಿಂದ ಏನೋ ಹೇಳುತ್ತಲೇ ಇದ್ದರು. ಓಣಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು, ಹತ್ತಿ ಗಿರಣಿ ಎಡಕ್ಕೋ ಬಲಕ್ಕೋ ಎಂದು ಯೋಚಿಸಿ, ಎಡಕ್ಕೆ ನಡೆದಳು.